‘ವಂಶಪಾರಂಪರ್ಯ’ ಎಂಬ ಪದವನ್ನು ವಿವರಿಸಿ ಬರೆಯಿರಿ

ಮಾನ್ಯ ಸಂಪಾದಕರೇ,

ಆರೋಗ್ಯ ಕುರಿತ ಲೇಖನಗಳಲ್ಲಿ ‘ಇದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಬಹುಕಾಲ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದ ನನಗೆ, ವಿವರಣೆ ಅಷ್ಟಕ್ಕೇ ನಿಂತುಬಿಟ್ಟಾಗ ಕಳವಳವಾಗುತ್ತದೆ. ಏಕೆಂದರೆ ಓದಿದವರು ಅದರಿಂದ ಎರಡು ಅರ್ಥ ತೆಗೆಯುತ್ತಾರೆ: ಮನೆತನದಲ್ಲಿದ್ದರೆ ತಪ್ಪಿಸಿಕೊಳ್ಳುವಂತಿಲ್ಲ, ಮನೆತನದಲ್ಲಿ ಇಲ್ಲದಿದ್ದರೆ ಬರುವುದೇ ಇಲ್ಲ. ಎರಡೂ ತಪ್ಪು ತಿಳಿವಳಿಕೆ.

ಕೆಲವು ವರ್ಷಗಳ ಹಿಂದೆ ಪರಿಚಯದ ದಂಪತಿ, ತಮ್ಮ ಮಗುವಿಗೆ ಥಲಸ್ಸೇಮಿಯಾ (ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ) ಇದೆಯೆಂದು ತಿಳಿದ ಮರುದಿನ, ರಕ್ತಪರೀಕ್ಷೆಯ ವರದಿ ಹಿಡಿದು ನನ್ನ ಬಳಿ ಬಂದಿದ್ದರು. ಜೊತೆಗಿದ್ದ ಮಗುವಿನ ಅಜ್ಜಿ, ‘ನಮ್ಮ ಕಡೆ ಏಳು ತಲೆಮಾರಿನಲ್ಲಿ ಯಾರಿಗೂ ಇಂಥದ್ದು ಬಂದಿಲ್ಲ’ ಎಂದರು. ಸೊಸೆ ತಲೆ ಎತ್ತಲಿಲ್ಲ. ಬಹುಪಾಲು ವಂಶವಾಹಿಗಳ (ಜೀನ್‌ಗಳ) ಎರಡೆರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು. ಈ ಕಾಯಿಲೆ ತೀವ್ರ ರೂಪದಲ್ಲಿ ಕಾಣಿಸಿಕೊಳ್ಳಬೇಕಾದರೆ ಎರಡೂ ಪ್ರತಿಗಳಲ್ಲಿ ದೋಷವಿರಬೇಕು. ಒಂದೇ ಪ್ರತಿಯಲ್ಲಿ ದೋಷವಿರುವವರು ಆರೋಗ್ಯವಂತರಾಗಿಯೇ ಇದ್ದು, ತಮಗೆ ಅರಿವಿಲ್ಲದೆ ಅದನ್ನು ಮುಂದಿನ ತಲೆಮಾರಿಗೆ ದಾಟಿಸಬಲ್ಲರು ಎಂದು ಹಾಳೆಯ ಮೇಲೆ ನಾಲ್ಕು ಚೌಕ ಬರೆದು ವಿವರಿಸಿದೆ. ವರದಿಯಲ್ಲಿ ಗಂಡ–ಹೆಂಡತಿ ಇಬ್ಬರೂ ಇಂಥ ವಾಹಕರೆಂದು, ಅಂದರೆ ದೋಷವಿರುವ ಒಂದು ಪ್ರತಿ ಹೊತ್ತವರೆಂದು, ಸ್ಪಷ್ಟವಾಗಿತ್ತು; ಅಂಥವರ ಮಗುವಿಗೆ ದೋಷವಿರುವ ಎರಡೂ ಪ್ರತಿಗಳು ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಏಳು ತಲೆಮಾರಿನ ಆರೋಗ್ಯ ಸುಳ್ಳಲ್ಲ, ಆದರೆ ಅದರಿಂದ ಸೊಸೆಯ ಮೇಲೆ ಹೊರಿಸಬಹುದಾದ ತಪ್ಪೂ ಏನಿಲ್ಲ.

ಆಗ ಮಗುವಿನ ತಂದೆ ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. ‘ನಾಲ್ಕರಲ್ಲಿ ಒಂದು ಮಗುವಿಗೆ ಬರುತ್ತದೆ ಎಂದಿರಿ. ನಮಗೆ ಆ ಒಂದು ಆಗಿಹೋಯಿತಲ್ಲ, ಮುಂದಿನ ಮಕ್ಕಳಿಗೆ ಭಯವಿಲ್ಲ ತಾನೇ?’ ಅವರ ಮುಖದಲ್ಲಿದ್ದ ಆಸೆಯನ್ನು ಕಂಡು ಉತ್ತರಿಸುವುದು ನನಗೆ ಕಷ್ಟವಾಯಿತು. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರದ ಹಾಗೆ, ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಪ್ರತಿ ಸಲವೂ ಸಾಧ್ಯತೆ ಶೇಕಡಾ 25. ಈ ಒಂದು ಮಾತನ್ನು ಬರೆಯದೆ ‘ನಾಲ್ಕರಲ್ಲಿ ಒಂದು’ ಎಂದಷ್ಟೇ ಅಚ್ಚು ಹಾಕುವುದರಿಂದ ಓದಿದವರಿಗೆ ಹುಸಿ ಧೈರ್ಯ ಕೊಟ್ಟಂತಾಗುತ್ತದೆ.

ಎಲ್ಲ ಕಾಯಿಲೆಗಳೂ ಇದೇ ದಾರಿಯಲ್ಲಿ ಬರುವುದಿಲ್ಲ. ಮಿದುಳಿನ ನರಕೋಶಗಳು ಕ್ರಮೇಣ ನಶಿಸುವ ಹಂಟಿಂಗ್‌ಟನ್ ಕಾಯಿಲೆಗೆ ದೋಷವಿರುವ ಒಂದೇ ಪ್ರತಿ ಸಾಕು, ಆದ್ದರಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಹೆಚ್ಚಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಕುಬ್ಜತೆಯ ಸಾಮಾನ್ಯ ರೂಪವಾದ ಅಕಾಂಡ್ರೋಪ್ಲೇಸಿಯಾದಲ್ಲಿ ಬಹುಪಾಲು ಮಕ್ಕಳ ತಂದೆ–ತಾಯಿ ಸಾಮಾನ್ಯ ಎತ್ತರದವರೇ ಆಗಿರುತ್ತಾರೆ; ಅಲ್ಲಿ ಬದಲಾವಣೆ ಹೊಸದಾಗಿ ಉಂಟಾದದ್ದು, ಮನೆತನದಿಂದ ಬಂದದ್ದಲ್ಲ.

ಇನ್ನು, ಒಂದೇ ಮನೆಯಲ್ಲಿ ಹಲವರಿಗೆ ಬಂದದ್ದೆಲ್ಲವೂ ರಕ್ತದಲ್ಲಿ ಬಂದದ್ದೂ ಅಲ್ಲ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕುಟುಂಬಗಳನ್ನು ಚರ್ಮ, ಜೀರ್ಣಾಂಗ, ಮನಸ್ಸನ್ನು ಕೆಡಿಸುವ ಪೆಲಾಗ್ರಾ ಎಂಬ ಕಾಯಿಲೆ ಕಾಡುತ್ತಿತ್ತು. ಅದು ವಂಶದ ದೌರ್ಬಲ್ಯವೆಂದು ವಾದಿಸಿದ ವಿಜ್ಞಾನಿಗಳಿದ್ದರು, ಸೋಂಕೆಂದು ನಂಬಿದವರೂ ಇದ್ದರು. 1914ರಲ್ಲಿ ತನಿಖೆಗೆ ಇಳಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಅನಾಥಾಲಯ ಮತ್ತು ಮಾನಸಿಕ ಆಸ್ಪತ್ರೆಗಳಲ್ಲಿ ನಿವಾಸಿಗಳಿಗೆ ಬರುವ ಕಾಯಿಲೆ ಅವರೊಡನೆ ದಿನವಿಡೀ ಇರುವ ಸಿಬ್ಬಂದಿಗೆ ಬರುತ್ತಿಲ್ಲವೆಂಬುದನ್ನು ಗಮನಿಸಿ, ಇಬ್ಬರ ತಟ್ಟೆಯಲ್ಲಿನ ವ್ಯತ್ಯಾಸವನ್ನು ಹುಡುಕಿದರು. ಕಾರಣ ಆಹಾರದ ಕೊರತೆ ಎಂದು ಅವರು ತೋರಿಸಿದರು. ಕೊರತೆಯಾಗಿದ್ದ ಅಂಶ ನಯಾಸಿನ್ ಎಂಬ ‘ಬಿ’ ಜೀವಸತ್ವವೆಂಬುದು 1937ರಲ್ಲಿ ತಿಳಿಯಿತು. ಕುಟುಂಬದವರು ವಂಶವಾಹಿಯನ್ನು ಹಂಚಿಕೊಳ್ಳುವಂತೆಯೇ ಅಡುಗೆಮನೆ, ಗಾಳಿ, ಬಡತನ, ಅಭ್ಯಾಸಗಳನ್ನೂ ಹಂಚಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಂಥದ್ದರಲ್ಲಿ ಇವೆರಡೂ ಹೆಣೆದುಕೊಂಡಿರುವುದರಿಂದ, ‘ಅಪ್ಪನಿಗಿತ್ತು, ನನಗೂ ಬಂತು’ ಎಂದು ಕೈಚೆಲ್ಲುವುದು ಸರಿಯಲ್ಲ.

ಅಪ್ಪಟ ವಂಶವಾಹಿ ದೋಷವೂ ಹಣೆಬರಹವಲ್ಲ. ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಫಿನೈಲ್‌ಕೀಟೋನ್ಯೂರಿಯಾ ಇರುವ ಶಿಶುವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಗುರುತಿಸಿ, ಕಟ್ಟುನಿಟ್ಟಿನ ಆಹಾರಕ್ರಮ ಪಾಲಿಸಿದರೆ ಮಿದುಳಿಗೆ ಆಗುವ ಗಂಭೀರ ಹಾನಿಯನ್ನು ತಡೆಯಬಹುದು. ಬಿಆರ್‌ಸಿಎ1 ವಂಶವಾಹಿಯಲ್ಲಿ ಅಪಾಯಕಾರಿ ಬದಲಾವಣೆ ಇರುವ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್‌ನ ಅಪಾಯ ಬಹಳ ಹೆಚ್ಚಾದರೂ, ಅವರೆಲ್ಲರಿಗೂ ಅದು ಬಂದೇ ಬರುತ್ತದೆ ಎಂದಲ್ಲ. ಈ ಬದಲಾವಣೆ ತಂದೆಯಿಂದಲೂ ಬರಬಹುದೆಂಬುದು ಹಲವರಿಗೆ ತಿಳಿದೇ ಇಲ್ಲ; ವೈದ್ಯರು ಕುಟುಂಬದ ಬಗ್ಗೆ ವಿಚಾರಿಸಿದಾಗ ತಾಯಿ, ಅಜ್ಜಿ, ಚಿಕ್ಕಮ್ಮನ ಹೆಸರು ಹೇಳಿ, ಸೋದರತ್ತೆಯನ್ನು ಮರೆತುಬಿಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ‘ವಂಶಪಾರಂಪರ್ಯ’ ಎಂಬ ಪದವನ್ನು ಪ್ರಕಟಿಸುವಾಗ, ಕಾಯಿಲೆ ಯಾವ ದಾರಿಯಲ್ಲಿ ದಾಟುತ್ತದೆ, ಆರೋಗ್ಯವಂತರಾದ ವಾಹಕರಿರುತ್ತಾರೆಯೇ, ಪರೀಕ್ಷೆ ಮತ್ತು ಚಿಕಿತ್ಸೆ ಇವೆಯೇ ಎಂಬುದನ್ನು ನಾಲ್ಕು ಸಾಲುಗಳಲ್ಲಾದರೂ ಸೇರಿಸಬೇಕು. ಕುಟುಂಬದ ಕಾಯಿಲೆಗಳ ವಿವರ ಬರೆದಿಡಲು ಓದುಗರಿಗೆ ಹೇಳುವಾಗ, ತಾಯಿಯ ಕಡೆಯವರು, ತಂದೆಯ ಕಡೆಯವರು ಇಬ್ಬರನ್ನೂ ಸೇರಿಸಿ, ಯಾರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಕಾಣಿಸಿತು ಎಂಬುದನ್ನೂ ನಮೂದಿಸುವಂತೆ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ