ಶಾಸಕರಿಗೆ ಬಹಿರಂಗ ಪತ್ರ: ಕಲಬುರಗಿಯ ಪತ್ರಾಸಿನ ಮನೆಗಳಿಗೆ ಬಿಳಿ ಬಣ್ಣ ಬಳಿಸಿ

ಸನ್ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಒಂದೇ ಒಂದು ಮಾತು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಊರಿನ ಪತ್ರಾಸಿನ, ಅಂದರೆ ತಗಡಿನ ಛಾವಣಿಯ, ಮನೆಗಳ ಮೇಲೆ ಬೇಸಿಗೆಗೆ ಮುಂಚೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿ. ಸರ್ಕಾರದ ಖರ್ಚಿನಲ್ಲಿ ಬಳಿಸಿ. ಅರ್ಜಿಯಲ್ಲಿ ಕೇಳಿ ಆಯಿತು, ವಾರ್ಡಿನ ಸಭೆಯಲ್ಲಿ ಕೇಳಿ ಆಯಿತು, ಕಚೇರಿಯ ಬಾಗಿಲಲ್ಲಿ ನಿಂತು ಕೇಳಿ ಆಯಿತು. ಈಗ ಊರಿನವರೆಲ್ಲರ ಮುಂದೆ ಕೇಳುತ್ತಿದ್ದೇನೆ.

ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೇ ಮುಗಿಯುವ ತನಕ ಹೀಗೆಯೇ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. 42, 43 ಡಿಗ್ರಿ ಬಿಸಿಲಿನಲ್ಲಿ ಯಾರಿಂದ ಕೆಲಸ ಆಗುತ್ತದೆ? ಆದರೆ ಇಲ್ಲಿನ ಬಿಸಿಲು ಬೆಂಗಳೂರಿನ ಬಿಸಿಲಲ್ಲ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಅಂತ ಆಯಿತು ಅಲ್ವಾ? ಗಟ್ಟಿ ಕಟ್ಟಡದಲ್ಲಿ, ಫ್ಯಾನಿನ ಕೆಳಗೆ ಕೂರುವವರಿಗೇ ಮಧ್ಯಾಹ್ನ ತಡೆಯಲು ಆಗದಿದ್ದರೆ, ಪತ್ರಾಸಿನ ಕೆಳಗೆ ಇರುವವರ ಗತಿ ಏನು ಅಂತ ಯಾರಾದರೂ ಒಂದು ದಿನ ಯೋಚನೆ ಮಾಡಿದ್ದೀರಾ?

ನಾನು ಬಟ್ಟೆ ಹೊಲಿದು ಬದುಕುವವಳು. ಮನೆಯಲ್ಲಿ ವಯಸ್ಸಾದ ಅವ್ವ, ಶಾಲೆಗೆ ಹೋಗುವ ಮಗಳು. ಒಂದೇ ಕೋಣೆ. ಹೊಲಿಗೆ ಮಷೀನು, ಒಲೆ, ಹಾಸಿಗೆ ಎಲ್ಲವೂ ಅದರಲ್ಲೇ. ಪತ್ರಾಸು ಎಷ್ಟು ತಗ್ಗಿನಲ್ಲಿದೆ ಎಂದರೆ ಕೈ ಎತ್ತಿದರೆ ತಾಗುತ್ತದೆ, ತಾಗಿದರೆ ಸುಡುತ್ತದೆ. ಮಧ್ಯಾಹ್ನ ಮಷೀನಿನ ಚಕ್ರ ಮುಟ್ಟಲು ಆಗುವುದಿಲ್ಲ, ಬಟ್ಟೆ ಸುತ್ತಿಕೊಂಡು ತಿರುಗಿಸುತ್ತೇನೆ. ಬೆವರು ಗಿರಾಕಿಯ ರವಿಕೆ ಬಟ್ಟೆಯ ಮೇಲೆ ಬಿದ್ದು ಕಲೆಯಾದರೆ ಅದರ ದುಡ್ಡೂ ನಾನೇ ಕೊಡಬೇಕು. ಅದಕ್ಕೇ ಮದುವೆ ಸೀಸನ್ನಿನಲ್ಲೇ, ಕೆಲಸ ಜಾಸ್ತಿ ಇರುವಾಗಲೇ ನನ್ನ ಮಷೀನು ನಿಲ್ಲುತ್ತದೆ.

ಕೂಲರ್ ಇಟ್ಟುಕೊಳ್ಳಿ ಅಂತಾರೆ. ಇಟ್ಟುಕೊಂಡಿದ್ದೇವೆ, ಹಳೇದು. ಅದಕ್ಕೆ ಕರೆಂಟು ಬೇಕು, ಬಕೆಟ್‌ಗಟ್ಟಲೆ ನೀರು ಬೇಕು. ನಳದ ನೀರು ಕುಡಿಯಲು, ಅಡಿಗೆಗೆ ಸಾಕಾದರೆ ಅದೇ ದೊಡ್ಡದು. ಅದೂ ಅಲ್ಲದೆ ಒಣ ಬಿಸಿಲಿದ್ದಾಗ ಮಾತ್ರ ಕೂಲರ್ ಕೆಲಸ ಮಾಡುತ್ತದೆ. ಮೇ ಕೊನೆಯಲ್ಲಿ ಮೋಡ ಕಟ್ಟಿ ಗಾಳಿಯಲ್ಲಿ ಪಸೆ ಬಂದರೆ ಅದು ಸುಮ್ನೆ ಬಿಸಿ ಗಾಳಿ ಊದುತ್ತದೆ.

ಇನ್ನು ಆ ದಿನದ ವಿಷಯ ಹೇಳಲೇಬೇಕು. ಮನೆಗಾಗಿ ಅರ್ಜಿ ಹಾಕಿದ್ದೆವು. ಸ್ಥಳ ಪರಿಶೀಲನೆಗೆ ಸಿಬ್ಬಂದಿಯೊಬ್ಬರು ಬಂದರು. ಮೇ ತಿಂಗಳು, ಹನ್ನೆರಡು ದಾಟಿತ್ತು. ಬಾಗಿಲ ತನಕ ಬಂದವರು ಅಲ್ಲೇ ನಿಂತರು. "ಅಬ್ಬಾ, ಇದರಾಗ ಹೆಂಗ್ ಇರ್ತೀರಮ್ಮಾ" ಅಂದರು. "ಒಳಗೆ ಬಂದು ನೋಡ್ರಿ ಸರ್" ಅಂದೆ. ಬರಲಿಲ್ಲ. ನೀರು ಕೊಟ್ಟೆ, ಬೇವಿನ ಮರದ ನೆರಳಿಗೆ ಹೋಗಿ ಕುಡಿದರು. ಬೈಕಿನ ಸೀಟಿನ ಮೇಲೆ ಫಾರಂ ಇಟ್ಟುಕೊಂಡು ಬರೆದರು, ನನ್ನ ಸಹಿ ತೆಗೆದುಕೊಂಡು ಹೋದರು. ಆಮೇಲೆ ಅದರ ನಕಲು ತೆಗೆಸಿ ಓದಿಸಿದರೆ ಅದರಲ್ಲಿ ಬರೆದಿದ್ದು "ಮನೆ ವಾಸಕ್ಕೆ ಯೋಗ್ಯವಾಗಿದೆ" ಅಂತ.

ಅವರಿಗೆ ಐದು ನಿಮಿಷ ಕಾಲಿಡಲು ಆಗದ ಮನೆ ನಮಗೆ ವಾಸಕ್ಕೆ ಯೋಗ್ಯ! ಶಾಸಕರೇ, ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ. ಅದೇ ವಾರ ಅವ್ವ ನೀರಿನ ಕೊಡದ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಸಲೈನ್ ಹಾಕಿ ಕಳಿಸುವಾಗ ಡಾಕ್ಟರು, "ಮಧ್ಯಾಹ್ನ ತಂಪು ಇರೋ ಜಾಗದಲ್ಲಿ ಮಲಗಿಸಿ" ಅಂದರು. ಒಳ್ಳೆಯ ಮಾತೇ. ಆ ಜಾಗ ಎಲ್ಲಿದೆ? ನೀವೇ ಹೇಳಿ.

ಈ ಊರಿನಲ್ಲಿ ತಂಪಾಗಿ ಕಟ್ಟುವುದು ಯಾರಿಗೂ ಗೊತ್ತಿರಲಿಲ್ಲ ಅಂತ ಅಲ್ಲ. ನಮ್ಮ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು ಅಂತಾರೆ. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಬಿಟ್ಟಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳನ್ನೇ ಹೊದಿಸಿದ್ದಾರೆ. ಸುಡು ಮಧ್ಯಾಹ್ನ ಒಳಗೆ ಹೋಗಿ ನಿಂತವರಿಗೆ ಗೊತ್ತು ಅದರ ತಂಪು. ಹಳೆ ಓಣಿಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದ ಪರಸಿ ಕಲ್ಲಿನ ನೆಲ ಇರುವ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಬಡವರೂ ಅಂಥ ಮನೆಯಲ್ಲೇ ಇದ್ದರು. ನಮ್ಮಜ್ಜಿಯ ಮನೆ ಹಾಗೇ ಇತ್ತು. ಆಮೇಲೆ ಮಳೆ ಕೈಕೊಟ್ಟಾಗಲೆಲ್ಲ ಚಿಂಚೋಳಿ, ಆಳಂದ, ಜೇವರ್ಗಿ, ಅಫಜಲಪುರ ಕಡೆಯಿಂದ ಜನ ಕೆಲಸ ಹುಡುಕಿ ಇಲ್ಲಿಗೆ ಬಂದರು. ಬೇಳೆ ಮಿಲ್ಲು, ಕಟ್ಟಡ ಕೆಲಸ, ಹಮಾಲಿ, ಮನೆಗೆಲಸ, ಏನು ಸಿಕ್ಕಿತೋ ಅದು. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. ನಮ್ಮ ಓಣಿಯಲ್ಲೇ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕೇಳುತ್ತವೆ. ಜಾತಿ, ಭಾಷೆ ಬೇರೆ ಬೇರೆ, ಪತ್ರಾಸು ಮಾತ್ರ ಎಲ್ಲರಿಗೂ ಒಂದೇ. ಬೇಗ ಹಾಕಬಹುದು, ಕಡಿಮೆ ದುಡ್ಡು, ಎಬ್ಬಿಸಿದರೆ ಕಿತ್ತುಕೊಂಡು ಹೋಗಬಹುದು. ಅದಕ್ಕೇ ಹಾಕುತ್ತೇವೆ, ಇಷ್ಟಪಟ್ಟು ಅಲ್ಲ.

ಹಕ್ಕುಪತ್ರ ಇಲ್ಲದ ಮನೆಗೆ ಸರ್ಕಾರದ ದುಡ್ಡು ಹಾಕಲು ಬರುವುದಿಲ್ಲ ಅಂತ ಒಂದು ಕಡೆ ಹೇಳಿದರು. 1973ರ ಕೊಳಚೆ ಪ್ರದೇಶ ಕಾಯ್ದೆ, ಅದರಲ್ಲಿ ಸರ್ಕಾರ ಕೊಳಚೆ ಪ್ರದೇಶ ಅಂತ ಘೋಷಿಸಿದ ಓಣಿ, ಘೋಷಿಸದ ಓಣಿ ಎಲ್ಲ ನಿಮಗೆ ಗೊತ್ತೇ ಇದೆ, ನಾನು ಹೇಳಬೇಕಾಗಿಲ್ಲ. ನಾನು ಜಾಗ ಕೇಳುತ್ತಿಲ್ಲ. ಬಣ್ಣ ಕೇಳುತ್ತಿದ್ದೇನೆ. ಮಗುವಿಗೆ ಪೋಲಿಯೋ ಹನಿ ಹಾಕುವಾಗ ಮನೆಯ ಹಕ್ಕುಪತ್ರ ಕೇಳುತ್ತೀರಾ? ವೋಟು ಕೇಳಲು ಬಂದಾಗ ಕೇಳಿದಿರಾ?

ಇದು ಆಗದ ಕೆಲಸವೂ ಅಲ್ಲ. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದು, 2028ರೊಳಗೆ 300 ಚದರ ಕಿಲೋಮೀಟರ್ ಛಾವಣಿ ತಂಪು ಮಾಡುವ ಗುರಿ ಇಟ್ಟುಕೊಂಡಿದೆ. ಅಹಮದಾಬಾದಿನಲ್ಲಿ 2010ರ ಬಿಸಿಲಿಗೆ ಜನ ಸತ್ತ ಮೇಲೆ 2013ರಲ್ಲಿ ಬಿಸಿಗಾಳಿಯ ಯೋಜನೆ ಮಾಡಿದರು, ಆಮೇಲೆ ಕೊಳೆಗೇರಿಗಳ ಛಾವಣಿಗೆ ಬಿಳಿ ಬಳಿದರು. ಬಿಳಿ ಬಳಿದರೆ ಒಳಗಿನ ಬಿಸಿ 2ರಿಂದ 5 ಡಿಗ್ರಿ ಇಳಿಯುತ್ತದೆ ಅಂತಾರೆ. ನಿಮಗೆ ಅದು ಸಣ್ಣದಾಗಿ ಕಾಣಬಹುದು. ನನ್ನ ಅವ್ವನಿಗೆ ಸಣ್ಣದಲ್ಲ.

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದು ಇದೇ ಊರಿನಲ್ಲಿ. ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಅಂತ ಪೇಪರಿನಲ್ಲಿ ನಾವೂ ಓದುತ್ತೇವೆ. ರಸ್ತೆಗೆ, ಕಟ್ಟಡಕ್ಕೆ, ಸ್ವಾಗತ ಕಮಾನಿಗೆ ದುಡ್ಡು ಸಿಗುತ್ತದೆ. ಪತ್ರಾಸಿನ ಮನೆಗಳಿಗೆ ಬಿಳಿ ಬಣ್ಣ ಬಳಿಸಲು ಸಿಗುವುದಿಲ್ಲವಾ?

ಇನ್ನೊಂದು ಮಾತು. ಮಾಡಿದರೆ ಸರಿಯಾಗಿ ಮಾಡಿ. ಪತ್ರಾಸಿನ ಮೇಲೆ ಬರೀ ಸುಣ್ಣ ನಿಲ್ಲುವುದಿಲ್ಲ, ಮೊದಲ ಮಳೆಗೇ ತೊಳೆದು ಹೋಗುತ್ತದೆ. ತುಕ್ಕು ಉಜ್ಜಿ, ತೂತು ಮುಚ್ಚಿ, ಬಿಸಿಲು ವಾಪಸ್ ಹೊಡೆಯುವ ಬಣ್ಣವನ್ನೇ ಎರಡು ಕೋಟ್ ಬಳಿಯಬೇಕು. ಸರ್ಕಾರ ಕಟ್ಟಿಸಿಕೊಟ್ಟ ಸ್ಲ್ಯಾಬಿನ ಮನೆಗಳಿಗೂ ಬಳಿಸಿ. ಆ ತೆಳು ಸ್ಲ್ಯಾಬು ಹಗಲೆಲ್ಲ ಕಾದು ಅರ್ಧ ರಾತ್ರಿ ತನಕ ಝಳ ಬಿಡುತ್ತದೆ, ಅಲ್ಲಿನವರೂ ಹೊರಗೆ ಚಾಪೆ ಹಾಕಿ ಮಲಗುತ್ತಾರೆ. ಕೆಲಸವನ್ನು ನಮ್ಮ ಓಣಿಯ ಹುಡುಗರಿಗೇ ಕೊಡಿ. ಬೇರೆಯವರ ಬಂಗಲೆಗೆ ಬಣ್ಣ ಹಚ್ಚುವವರು ಅವರೇ.

ಟೆಂಡರ್ ಏಪ್ರಿಲ್‌ನಲ್ಲಿ ಕರೆದು, ಬಣ್ಣ ಜುಲೈಗೆ ಬಂದರೆ ಪ್ರಯೋಜನ ಇಲ್ಲ. ಡಿಸೆಂಬರ್‌ನಲ್ಲಿ ಮನೆ ಎಣಿಸಿ, ಜನವರಿಯಲ್ಲಿ ಟೆಂಡರ್ ಮುಗಿಸಿ, ಫೆಬ್ರವರಿಯಲ್ಲಿ ಬಳಿಸಿ. ಎಣಿಸಲು ಬರುವವರಿಗೆ ಮನೆಯೊಳಗೆ ಬಂದು ನೋಡಿ ಬರೆಯಲು ಹೇಳಿ. ಶಿವರಾತ್ರಿಯ ಹೊತ್ತಿಗೆ ನಮ್ಮ ಪತ್ರಾಸಿನ ಮೇಲೆ ಬಿಳಿ ಬಣ್ಣ ಇರಬೇಕು.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
ಕಲಬುರಗಿ