ಅಪ್ಪನ ಕಣ್ಣಿನ ವಿಷಯ

ಮಾಪ್ಸಾ, ಗೋವಾ

ಅಮ್ಮನಿಗೆ ನಮಸ್ಕಾರ. ನಾನು ಆರಾಮ. ನೀವೂ ಆರಾಮ ಅಂದುಕೊಂಡಿದ್ದೆ, ಅಷ್ಟರಲ್ಲಿ ನಿನ್ನ ಪತ್ರ ಬಂತು.

ಅಪ್ಪನ ಹೆಬ್ಬೆರಳಿಗೆ ಉಳಿ ತಾಗಿದ್ದು ಕೈತಪ್ಪಿ ಅಂತ ಬರೆದಿದ್ದೀಯ. ಅಲ್ಲಮ್ಮ. 40 ವರ್ಷ ಉಳಿ ಹಿಡಿದ ಕೈ ಸುಮ್ನೆ ತಪ್ಪುವುದಿಲ್ಲ. ಗೆರೆ ಕಾಣುತ್ತಿಲ್ಲ, ಅಷ್ಟೇ. ಕಣ್ಣಿನ ಪೊರೆ ಹಣ್ಣಾಗಲಿ, ಮಳೆಗಾಲ ಮುಗಿಯಲಿ ಅಂತ ಇನ್ನೂ ಕಾಯುತ್ತಿದ್ದಾರಂತೆ. ಅದು ಹಳೇ ಕಾಲದ ಮಾತು. ಈಗ ಹಣ್ಣಾಗುವ ತನಕ ಕಾಯಬೇಕಿಲ್ಲ. ಕಾದರೆ ಪೊರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಆಪರೇಷನ್ ಮುಗಿಯುತ್ತದೆ, ಒಳಗೆ ಲೆನ್ಸ್ ಕೂರಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮಳೆಗೂ ಇದಕ್ಕೂ ಸಂಬಂಧ ಇಲ್ಲ.

ಮಳೆಗೆ ಹೆದರಬೇಕಾದವರು ಗಿಟಾರ್ ಮಾಡುವ ನಾವು. ಗಿಟಾರ್ ಅಂಟಿಸುವಾಗ ಗಾಳಿಯ ತೇವ ಶೇಕಡ 45ರಿಂದ 50ರಷ್ಟು ಇರಬೇಕು. ಇಲ್ಲಿ ಈಗ 90 ಮುಟ್ಟುತ್ತದೆ. ಈ ತೇವದಲ್ಲಿ ಅಂಟಿಸಿದ ಹಲಗೆ ಬೇಸಿಗೆಯಲ್ಲಿ ಒಣಗಿ ಸೀಳು ಬಿಡುತ್ತದೆ. ತೇವ ಹೀರುವ ಯಂತ್ರದ ಬಕೆಟ್ ತುಂಬಿದಂತೆಲ್ಲ ನಾನೇ ಚೆಲ್ಲುತ್ತೇನೆ. ಈ ವಾರ ಯಂತ್ರ ಕೆಟ್ಟಿದೆ, ಕೆಲಸ ನಿಂತಿದೆ. ಅದಕ್ಕೇ ರಜೆ ಸಿಕ್ಕಿತು.

ಗೋವಾಕ್ಕೆ ಹೋಗಿ ಆಟದ ಸಾಮಾನು ಮಾಡ್ತಾನೆ ಅಂದರಂತೆ ದೊಡ್ಡಮ್ಮ. ಅವರಿಗೆ ಹೇಳು, ಗಿಟಾರಿನ ಮುಂದಿನ ಹಲಗೆ 3 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಆರು ತಂತಿ ಬಿಗಿದರೆ ಎಳೆತ ಸುಮಾರು 70 ಕಿಲೋ, ಒಂದು ಮೂಟೆ ಅಕ್ಕಿಗಿಂತ ಜಾಸ್ತಿ. ಅದನ್ನು ತಡೆಯಲು ಒಳಗೆ ತೆಳುವಾದ ಪಟ್ಟಿಗಳನ್ನು ಅಡ್ಡಡ್ಡ ಕೂರಿಸುತ್ತೇವೆ. ಪಟ್ಟಿ ದಪ್ಪವಾದರೆ ದನಿ ಸಾಯುತ್ತದೆ, ತೆಳುವಾದರೆ ಹಲಗೆ ಉಬ್ಬುತ್ತದೆ. ಹಿಂದಿನದು, ಪಕ್ಕದ್ದು ನಮ್ಮ ಬೀಟೆ. ಪಕ್ಕದ್ದನ್ನು 2 ಮಿಲಿಮೀಟರಿಗೆ ಕೀಸಿ, ನೀರು ಹಚ್ಚಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಆಗ ಏಳುವ ವಾಸನೆಗೆ ನಮ್ಮ ಜಗಲಿಯೇ ನೆನಪಾಗುತ್ತದೆ. ಹಲಗೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಕೇಳುವುದನ್ನು ಯಾರು ಕಲಿಸಿದರು ಅಂತ ಮೇಸ್ತ್ರಿ ಕೇಳಿದ್ದರು. ಬಾಗಿಲಿಗೆ ಹಲಸು ಆರಿಸುವಾಗ ಅಪ್ಪ ಹೀಗೇ ತಟ್ಟುತ್ತಿದ್ದರು ಅಂದೆ.

ಊಟಕ್ಕೆ ಏನೂ ಕೊರತೆ ಇಲ್ಲ. ಬೆಳಿಗ್ಗೆ ಪೋದೇರ್, ಅಂದರೆ ಬ್ರೆಡ್ ಮಾರುವವನು, ಸೈಕಲ್ ಮೇಲೆ ಪೋಂ ಪೋಂ ಅಂತ ಬಿಸಿ ಪಾವ್ ತರುತ್ತಾನೆ. ಮಧ್ಯಾಹ್ನ ಎಷ್ಟೋ ಅಂಗಡಿ ಬಾಗಿಲು ಹಾಕಿ ಮಲಗುತ್ತವೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಹತ್ತೂ ಬೆರಳು ಸರಿಯಾಗಿವೆ, ಚಿಂತೆ ಮಾಡಬೇಡ. ಜ್ವರ, ಕೆಮ್ಮು ಏನೂ ಇಲ್ಲ. ನಿಜವಾಗಿಯೂ ಇಲ್ಲ.

ದುಡ್ಡಿನ ಮಾತು ಎತ್ತಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಪೊರೆ ಉಚಿತವಾಗಿ ತೆಗೆಯುತ್ತಾರೆ, ಓಡಾಟಕ್ಕೆ, ಔಷಧಿಗೆ ನನ್ನ ಹತ್ತಿರ 8,000 ಇದೆ. ಪುಟ್ಟಿಯ ಫೀಸಿನ ದುಡ್ಡು ಮುಟ್ಟಬೇಡಿ.

ಭಾನುವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಅಪ್ಪನಿಗೆ ಈಗಲೇ ಹೇಳಬೇಡ, ಏನೋ ಕೆಲಸ ಅಂತ ಎದ್ದು ಹೋಗಿಬಿಡುತ್ತಾರೆ. ಅಲ್ಲಿಯವರೆಗೆ ಉಳಿ, ಗರಗಸ ಎಲ್ಲ ಅಟ್ಟಕ್ಕೆ ಹಾಕು. ಮೇಸ್ತ್ರಿ ಕರೆಯುತ್ತಿದ್ದಾರೆ.

ನಿನ್ನ ಮಗ