ಗೋಡೌನಿಗೆ, ಚಿಕ್ಕಪ್ಪನಿಗೆ, ಒಂದು ನೆಗ್ಗಿದ ಮೈಕಿಗೆ

ನನ್ನ ಮೊದಲ ಸೋಲೋ ಆಲ್ಬಮ್ ಕಳೆದ ಶುಕ್ರವಾರ ಹೊರಗೆ ಬಂತು. ಎಂಟು ಹಾಡು, 32 ನಿಮಿಷ. ಅವತ್ತಿಂದ ಬರುತ್ತಿರುವ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಕೊಡೋಕೆ ಆಗುತ್ತಿಲ್ಲ. ಕೇಳಿದವರಿಗೆ, ಬೈದವರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಆದರೆ ದೊಡ್ಡ ಥ್ಯಾಂಕ್ಸ್ ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ಇರುವ ನಮ್ಮ ಚಿಕ್ಕಪ್ಪನ ಕಾಫಿ ಗೋಡೌನಿಗೆ. ಬೆಂಗಳೂರಿನ ಸ್ಟುಡಿಯೋಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ತಾಕತ್ತು ನನಗಿರಲಿಲ್ಲ. ಕೊಯ್ಲು ಮುಗಿದು ಗೋಡೌನ್ ತುಂಬಿತ್ತು. ಮಾಡಿನ ತನಕ ಗೋಣಿಚೀಲದ ಅಟ್ಟಿ. ಮಧ್ಯೆ ನಿಂತು ಸುಮ್ನೆ ಒಂದು ಚಪ್ಪಾಳೆ ತಟ್ಟಿದೆ. ಸದ್ದು ಚೀಲಗಳ ಒಳಗೇ ಇಂಗಿಹೋಯಿತು. ಪ್ರತಿಧ್ವನಿಯೇ ಇಲ್ಲ. ಹಾಡುವವರಿಗೆ ಇನ್ನೇನು ಬೇಕು?

ಐದು ಹಾಡು ಅಲ್ಲೇ ಆಯಿತು. ಒಂದು ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು, "ಅಮ್ಮಾ, ನಾಳೆ ಲಾರಿ ಬರ್ತದೆ" ಅಂದರು. ಕಾಫಿಗೆ ಒಳ್ಳೆ ರೇಟ್ ಇತ್ತು. ಮಾರಬೇಡಿ ಅನ್ನೋಕೆ ನಾನ್ಯಾರು? ಮಾರನೇ ದಿನ ಹೋಗಿ ನೋಡಿದರೆ ಗೋಡೌನ್ ಖಾಲಿ. ಮೈಕಿನ ಸುತ್ತ ಮಾತ್ರ ತಲೆಯೆತ್ತರಕ್ಕೆ ನಲವತ್ತು ಚೀಲ ಹಾಗೇ ಇದ್ದವು. "ಇವು ನಿನ್ನ ಹಾಡು ಮುಗಿದ ಮೇಲೆ ಹೋಗ್ತವೆ ಪುಟ್ಟಿ" ಅಂದರು ಚಿಕ್ಕಪ್ಪ. ಆಮೇಲೆ ರೇಟ್ ಇಳಿಯಿತಂತೆ. ಅದನ್ನು ಹೇಳಿದ್ದು ಚಿಕ್ಕಮ್ಮ, ಅವರಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ನಾನು ಹಾಡುತ್ತಿದ್ದದ್ದು ಕಂಡೆನ್ಸರ್ ಮೈಕಿನಲ್ಲಿ, ಸ್ಟುಡಿಯೋಗಳಲ್ಲಿ ಇಡುವ ನಾಜೂಕು ಮೈಕ್. ಅದಕ್ಕೆ ಮಲೆನಾಡಿನ ಥಂಡಿ ಆಗಿಬರಲ್ಲ. ಒಳಗೆ ತೇವ ಹೊಕ್ಕಿತೋ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಶುರು. ಆಗ ನೆನಪಾಗಿದ್ದು ನಮ್ಮ ಹಳೇ ಎಸ್‌ಎಂ58, ಶೂರ್ ಕಂಪನಿಯ ಗಟ್ಟಿ ಸ್ಟೇಜ್ ಮೈಕ್, ಥಂಡಿಗೆಲ್ಲ ಅಷ್ಟು ಬೇಗ ಜಗ್ಗಲ್ಲ. 1966ರಲ್ಲಿ ಬಂದ ಮಾದರಿ ಅದು. ಇವತ್ತಿಗೂ ಎಷ್ಟೋ ಸ್ಟೇಜುಗಳ ಮೇಲೆ ಅದೇ ಇರುತ್ತೆ. ಹಾಸನದ ಒಂದು ಗಣಪತಿ ಪೆಂಡಾಲಿನಲ್ಲಿ ಸ್ಟ್ಯಾಂಡ್ ಸಮೇತ ಬಿದ್ದು ಜಾಲರಿ ನೆಗ್ಗಿತ್ತು, ಆದರೂ ಹಾಡು ನಿಲ್ಲಲಿಲ್ಲ. ಒಂದೇ ತೊಂದರೆ. ಆ ಮೈಕ್ ಬ್ಯಾಂಡಿನದು. ನಾನು ಬಿಟ್ಟು ಬಂದ ಬ್ಯಾಂಡಿನದು.

ಜಗಳ ಆಡದೆ ಬಿಟ್ಟೆ ಅಂದರೆ ಸುಳ್ಳಾಗುತ್ತೆ. ಆರು ವರ್ಷ ಒಟ್ಟಿಗಿದ್ದವರು, ಕೊನೆಯ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಜಾಸ್ತಿಯೇ ಮಾತು ಬಿಟ್ಟಿದ್ದೆ. ಹಾಗಾಗಿ ಫೋನ್ ಮಾಡೋಕೆ ಎರಡು ದಿನ ಹಿಡಿಯಿತು.

ಹಾಸನದಿಂದ ಆ ಮಳೆಯಲ್ಲಿ ಬ್ಯಾಂಡಿನ ಡ್ರಮ್ಮರ್ ಬೈಕಿನಲ್ಲೇ ಬಂದ. ರೇನ್‌ಕೋಟ್ ಒಳಗೆ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೈಕ್. ಹಳೇದು ಯಾವುದನ್ನೂ ಎತ್ತಲಿಲ್ಲ. ಚಿಕ್ಕಮ್ಮನ ಅಕ್ಕಿರೊಟ್ಟಿ ನಾಲ್ಕು ತಿಂದ. ಹೆಡ್‌ಫೋನ್ ಹಾಕಿಕೊಂಡು ಐದೂ ಹಾಡು ಕೇಳಿದ. ಅವುಗಳಲ್ಲಿ ಡ್ರಮ್ಸ್ ಬಾರಿಸಿದವನ ಬಗ್ಗೆ, "ಹುಡುಗ ಚೆನ್ನಾಗಿ ಬಾರಿಸ್ತಾನೆ ಕಣೇ, ತಾಳಕ್ಕಿಂತ ಸ್ವಲ್ಪ ಮುಂದೆ ಓಡ್ತಾನೆ ಅಷ್ಟೆ" ಅಂದ. ಎಂಟನೇ ಹಾಡಿನಲ್ಲಿ ಡ್ರಮ್ಸ್ ಯಾರದು ಅಂತ ತುಂಬ ಜನ ಕೇಳಿದ್ದೀರಲ್ವಾ? ಬೈಕಿನಲ್ಲಿ ಬಂದ ಇವನದೇ.

ಮೈಕ್ ಇನ್ನೂ ನನ್ನ ಹತ್ತಿರವೇ ಇದೆ ಕಣ್ರೋ. ಭಾನುವಾರ ಹಾಸನಕ್ಕೆ ತಂದುಕೊಡ್ತೀನಿ. ಜೊತೆಗೆ ಎರಡು ಕೆ.ಜಿ. ಕಾಫಿಪುಡಿ, ಆ ನಲವತ್ತು ಚೀಲದ್ದೇ. ಚಿಕೋರಿ ಹಾಕಿಲ್ಲ.